ಬ್ಯಾಂಡ್ ಓಪನ್ ಆಗುವ ಹೊತ್ತು

ಬೆಳಗಿನ ಜಾವ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಯುರೋಪಿನ ದನಿ ಕೇಳುತ್ತದೆ, ಮೈಸೂರಿನದು ಕೇಳುವುದಿಲ್ಲ. ಬಿಸಿಲೇರಿದ ಮೇಲೆ ಉಲ್ಟಾ. ಯುರೋಪ್ ಮಾಯವಾಗುತ್ತದೆ. ಮೈಸೂರು, ಮಂಗಳೂರು, ಚೆನ್ನೈ ಗಟ್ಟಿಯಾಗಿ ಬರುತ್ತವೆ. ಹವ್ಯಾಸಕ್ಕಾಗಿ ಸ್ವಂತ ನಿಲಯದಿಂದ ಮಾತಾಡುವ ಹ್ಯಾಮ್ ರೇಡಿಯೋಗೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಇದನ್ನು: ಏಳೆಂಟು ಸಾವಿರ ಕಿ.ಮೀ. ಆಚೆಯವರು ಸಿಗುತ್ತಾರೆ, ಇನ್ನೂರು ಕಿ.ಮೀ. ದೂರದವರು ಯಾಕೆ ಸಿಗುವುದಿಲ್ಲ?

ಉತ್ತರ ತಲೆಯ ಮೇಲಿದೆ. ನೆಲದಿಂದ ಸುಮಾರು 60 ಕಿ.ಮೀ. ಎತ್ತರದಲ್ಲಿ ಶುರುವಾಗಿ ನೂರಾರು ಕಿ.ಮೀ.ವರೆಗೆ ಅಯಾನುಗೋಳ ಹರಡಿದೆ. ಸೂರ್ಯನ ಅತಿನೇರಳೆ ಕಿರಣ ಮತ್ತು ಎಕ್ಸ್ ಕಿರಣಗಳು ಅಲ್ಲಿನ ತೆಳುವಾದ ಗಾಳಿಗೆ ಬಡಿದು ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನ್‌ಗಳೇ ರೇಡಿಯೋ ಅಲೆಯನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುವುದು. ರಾತ್ರಿಯೆಲ್ಲ ಬಿಸಿಲಿಲ್ಲದೆ ಅವು ಕಡಿಮೆಯಾಗುತ್ತಾ ಹೋಗುತ್ತವೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ತೀರಾ ಕಡಿಮೆ. ಓರೆಯಾಗಿ ಬಂದ ಅಲೆಯನ್ನು ಬಾಗಿಸಲು ಅಷ್ಟು ಸಾಕು. ಅದು ಸಾವಿರಾರು ಕಿ.ಮೀ. ಆಚೆ ಇಳಿಯುತ್ತದೆ. ಆದರೆ ಮೈಸೂರು ತಲುಪಬೇಕಾದ ಅಲೆ ಹೆಚ್ಚು ಕಡಿಮೆ ನೆಟ್ಟಗೆ ಮೇಲೇರಬೇಕು, ನೆಟ್ಟಗೆ ಇಳಿಯಬೇಕು. ಅದನ್ನು ತಿರುಗಿಸುವಷ್ಟು ಎಲೆಕ್ಟ್ರಾನ್‌ಗಳು ಆಗ ಇರುವುದಿಲ್ಲ. ಅಲೆ ಪದರವನ್ನು ದಾಟಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ.

ಬಿಸಿಲು ಬಿದ್ದ ಮೇಲೆ ಮೇಲಿನ ಎಫ್ ಪದರ ದಟ್ಟವಾಗುತ್ತದೆ, ಮೈಸೂರು ಕೇಳತೊಡಗುತ್ತದೆ. ಅದೇ ಹೊತ್ತಿಗೆ ಕೆಳಗೆ, 60ರಿಂದ 90 ಕಿ.ಮೀ. ನಡುವೆ, ಡಿ ಪದರ ಹುಟ್ಟುತ್ತದೆ. ಇದು ಬಾಗಿಸುವುದಿಲ್ಲ, ಹೀರಿಕೊಳ್ಳುತ್ತದೆ. ಓರೆಯಾಗಿ ಹೋಗುವ ಅಲೆ ಈ ಪದರದಲ್ಲಿ ಜಾಸ್ತಿ ದೂರ ಸಾಗಬೇಕಲ್ವಾ? ಅದಕ್ಕೇ ಯುರೋಪ್ ಸತ್ತುಹೋಗುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಡಿ ಪದರವೂ ಕರಗುತ್ತದೆ. ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಿದ್ದವರಿಗೆ ರಾತ್ರಿ ಮುಳ್ಳು ತಿರುಗಿಸಿದರೆ ಬೇರೆ ರಾಜ್ಯಗಳ ನಿಲಯಗಳೂ ಸಿಗುತ್ತಿದ್ದುದು ನೆನಪಿರಬಹುದು. ಕಾರಣ ಇದೇ. ರೇಡಿಯೋ ಸಿಲೋನ್ ಬರುತ್ತಿದ್ದ 41 ಮೀಟರ್ ಬ್ಯಾಂಡ್ ಅಂತೂ ನಮ್ಮ 7 ಮೆಗಾಹರ್ಟ್ಸ್‌ಗೆ ಅಂಟಿಕೊಂಡೇ ಇದೆ.

ನನ್ನ ಮನೆ ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಹುಣಸೆ ಮರಕ್ಕೂ ತೆಂಗಿನ ಮರಕ್ಕೂ ನಡುವೆ ತಾಮ್ರದ ತಂತಿ ಕಟ್ಟಿದ್ದೇನೆ. ಡೈಪೋಲ್ ಎಂಬ ಈ ಆಂಟೆನಾದ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್. ನಡುವೆ ಕತ್ತರಿಸಿ ಕೇಬಲ್ ಜೋಡಿಸಿದರೆ ಆಯಿತು. ನನ್ನ ರಿಗ್, ಅಂದರೆ ಮಾತಾಡುವ-ಕೇಳುವ ರೇಡಿಯೋ ಯಂತ್ರ, ಹೊರಹಾಕುವ ಶಕ್ತಿ 100 ವಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. ಒಳ್ಳೆಯ ದಿನ ಅದಕ್ಕೆ ಇಟಲಿಯಿಂದ ಉತ್ತರ ಬರುತ್ತದೆ. 5 ವಾಟ್‌ಗೂ ಬರುತ್ತದೆ, ತಾಳ್ಮೆ ಬೇಕು ಅಷ್ಟೆ.

ದಿನದ ಮೊದಲ ಕೆಲಸ ಬೆಳಗಿನ ನೆಟ್, ಅಂದರೆ ಒಂದೇ ಆವರ್ತನದಲ್ಲಿ ಹ್ಯಾಮ್‌ಗಳೆಲ್ಲ ಸೇರುವ ಕೂಟ. ಒಬ್ಬರು ಕಂಟ್ರೋಲ್ ವಹಿಸುತ್ತಾರೆ, ಉಳಿದವರು ಸರದಿಯಂತೆ ಕರೆ ಸಂಕೇತ ಹೇಳಿ ಚೆಕ್ ಇನ್ ಆಗುತ್ತಾರೆ. ನಮ್ಮ ದೇಶದ ಸಂಕೇತಗಳು ಸಾಮಾನ್ಯವಾಗಿ ‘ವಿಯು’ ಎಂದು ಶುರುವಾಗುತ್ತವೆ. ಊರಿನ ಮಳೆ, ಆಂಟೆನಾದ ಎತ್ತರ, ದನಿ ಎಷ್ಟು ಚೆನ್ನಾಗಿ ಬರುತ್ತಿದೆ ಎಂಬ ವರದಿ, ಕೊನೆಗೆ 73, ಅಂದರೆ ಶುಭಾಶಯ. ವ್ಯಾಪಾರದ ಮಾತಿಗೆ ಇಲ್ಲಿ ಅವಕಾಶವಿಲ್ಲ. ರಾಜಕೀಯವನ್ನೂ ಆಡುವುದಿಲ್ಲ. ಇಷ್ಟರಲ್ಲಿ ಏನು ಸುಖ ಅಂತ ಮನೆಗೆ ಬಂದವರು ಕೇಳುತ್ತಾರೆ. ಒಂದು ಆವರ್ತನದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಉಳಿದವರೆಲ್ಲ ಕೇಳಲೇಬೇಕು. ಬೇರೆಯವರ ಮಾತು ಮುಗಿಯುವವರೆಗೆ ಕಾಯುವುದು ನನಗೆ ರೂಢಿಯಾದದ್ದು ಇಲ್ಲಿಂದಲೇ. ಈ ಹವ್ಯಾಸ ಕೊಟ್ಟದ್ದರಲ್ಲಿ ನನಗೆ ತುಂಬ ಬೆಲೆಬಾಳುವುದು ಅದು.

ಕೇಳಲು ಮಾತ್ರ ಈಗ ಮೊದಲಿನಷ್ಟು ಸುಲಭವಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದು ಅಗ್ಗದ್ದಾಗಿದ್ದರೆ ಗದ್ದಲ ರೇಡಿಯೋಗೆ ನುಗ್ಗುತ್ತದೆ. ಊರಿನಲ್ಲಿ ಕರೆಂಟ್ ಹೋದಾಗ ನಾನು ಬ್ಯಾಟರಿಗೆ ರಿಗ್ ಜೋಡಿಸಿ ಕೂರುತ್ತೇನೆ. ಒಳಬರುವುದರ ಬಲ ತೋರಿಸುವ ಎಸ್ ಮೀಟರ್ 7ರಿಂದ 2ಕ್ಕೆ ಬಿದ್ದದ್ದನ್ನು ನೋಡಿದ್ದೇನೆ. ಮೀಟರಿನ ಒಂದೊಂದು ಅಂಕವೂ 6 ಡೆಸಿಬೆಲ್. ಐದು ಅಂಕ ಎಂದರೆ 30 ಡೆಸಿಬೆಲ್. ಗದ್ದಲ ಸಾವಿರದಲ್ಲೊಂದು ಪಾಲಿಗೆ ಇಳಿದಂತಾಯಿತು! ಅಲ್ಲಿಯವರೆಗೆ ಇಲ್ಲವೇ ಇಲ್ಲ ಎನಿಸಿದ್ದ ದನಿಗಳು ಆಗ ಒಂದೊಂದಾಗಿ ಏಳುತ್ತವೆ. ಅಶ್ವಿನಿ, ಭರಣಿ ಮಳೆಗಳ ಕಾಲಕ್ಕೆ ಗದ್ದಲದ ಬಗೆಯೇ ಬೇರೆ. ದೂರದ ಸಿಡಿಲೂ ಚಟಚಟ ಎಂದು ಕೇಳುತ್ತದೆ. ಗುಡುಗು ಹತ್ತಿರವಾದರೆ ಕೇಬಲ್ ಕಿತ್ತಿಟ್ಟು ಸುಮ್ನೆ ಇರಬೇಕು. ಇದರಲ್ಲಿ ಧೈರ್ಯ ತೋರಿಸಬಾರದು.

ಗದ್ದಲದ ವಿಷಯ ಬಂದರೆ ನಮ್ಮೂರಿನ ವೀಕ್ಷಣಾಲಯದ ಬಗ್ಗೆ ಹೇಳಲೇಬೇಕು. ಬೆಟ್ಟಗಳು ಸುತ್ತುವರಿದ ಬಯಲು, ಬೆಂಗಳೂರಿನ ರೇಡಿಯೋ ಗಲಾಟೆಯಿಂದ ಮರೆ. ಇಲ್ಲಿ 1976ರಿಂದ ಭಾರತೀಯ ಖಭೌತ ಸಂಸ್ಥೆ (ಐಐಎ) ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೋ ದೂರದರ್ಶಕ ಬೆಳೆಯಿತು. 34.5 ಮೆಗಾಹರ್ಟ್ಸ್‌ಗೆ ಹೊಂದಿಸಿದ 1000 ಡೈಪೋಲ್‌ಗಳನ್ನು ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ದರು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ್ದು 0.45 ಕಿ.ಮೀ. ಗಾಜಿನ ಮಸೂರವಿಲ್ಲ, ಹೊಳೆಯುವ ಕನ್ನಡಿಯಿಲ್ಲ. ನನ್ನ ಹುಣಸೆ ಮರದ ತಂತಿಯ ತತ್ವವೇ ಅಲ್ಲೂ ಕೆಲಸ ಮಾಡಿದ್ದು. ಸಾವಿರ ಆಂಟೆನಾಗಳ ಸಂಕೇತವನ್ನು ಕೂಡಿಸಿ ಆಕಾಶಗಂಗೆಯಿಂದ ಬರುವ ರೇಡಿಯೋ ಅಲೆಗಳ ನಕ್ಷೆ ತೆಗೆದರು. 1997ರಿಂದ ಅಲ್ಲಿ ರೇಡಿಯೋಹೀಲಿಯೋಗ್ರಾಫ್ ಕೂಡ ಇದೆ. ಸೂರ್ಯನ ಹೊರ ವಾತಾವರಣವಾದ ಕರೋನಾದ ಚಿತ್ರವನ್ನು ಅದು ರೇಡಿಯೋ ಅಲೆಗಳಲ್ಲೇ ತೆಗೆಯುತ್ತದೆ. ಗ್ರಹಣವೇ ಆಗಬೇಕೆಂದಿಲ್ಲ. ಹೀಗೆ ಸೂರ್ಯನಿಗೆ ಕಿವಿಗೊಟ್ಟವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ. ತಾಲ್ಲೂಕಿನ ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲ ಎಂಬುದು ಬೇಸರದ ವಿಷಯ.

ಸೂರ್ಯ ಕೆರಳಿದರೆ ಹ್ಯಾಮ್‌ಗೆ ಬೇಗ ಗೊತ್ತಾಗುತ್ತದೆ. ದೊಡ್ಡ ಸೌರಜ್ವಾಲೆಯ ಎಕ್ಸ್ ಕಿರಣಗಳು 8 ನಿಮಿಷ 20 ಸೆಕೆಂಡಿನಲ್ಲಿ ಭೂಮಿಗೆ ಬಂದು ಡಿ ಪದರವನ್ನು ಒಮ್ಮೆಗೇ ದಟ್ಟ ಮಾಡುತ್ತವೆ. ಹಗಲಿರುವ ಕಡೆಯೆಲ್ಲ ಶಾರ್ಟ್‌ವೇವ್ ಮಂಕಾಗುತ್ತದೆ. ರಿಗ್ ಕೆಟ್ಟಿತೇನೋ ಎಂದು ನೋಡಿದರೆ ಕೆಟ್ಟಿರುವುದಿಲ್ಲ. 2024ರ ಮೇ ತಿಂಗಳಲ್ಲಿ ಇಂಥ ಜ್ವಾಲೆಗಳು ಒಂದರ ಹಿಂದೆ ಒಂದು ಬಂದವು. ಮೇ 10ರ ರಾತ್ರಿಯ ಭೂಕಾಂತ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು.

ಅದೇ ಸೂರ್ಯ ಕೊಡುವುದನ್ನೂ ಕೊಡುತ್ತಾನೆ. ಸೂರ್ಯನ ಮೇಲಿನ ಕಪ್ಪು ಕಲೆಗಳು, ಅಂದರೆ ಸೌರಕಲೆಗಳು, ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತವೆ. ಅವು ಹೆಚ್ಚಿದಾಗ ಎಫ್ ಪದರ ಇನ್ನೂ ದಟ್ಟವಾಗಿ 28 ಮೆಗಾಹರ್ಟ್ಸ್ ಅಲೆಯನ್ನೂ ಬಾಗಿಸುತ್ತದೆ. ಈಗಿನ 25ನೇ ಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಯಿತು. ಕಲೆಗಳು ತೀರಾ ಕಡಿಮೆಯಿದ್ದ ಆಗ 28 ಮೆಗಾಹರ್ಟ್ಸ್ ಬ್ಯಾಂಡ್ ದಿನಗಟ್ಟಲೆ ಬರೀ ಸುಂಯ್ ಎನ್ನುತ್ತಿತ್ತು. 2024ರ ಹೊತ್ತಿಗೆ ಚಕ್ರ ಗರಿಷ್ಠಕ್ಕೆ ಬಂತು. ಬೆಳಿಗ್ಗೆ ಜಪಾನ್, ಆಸ್ಟ್ರೇಲಿಯಾ, ಮಧ್ಯಾಹ್ನ ಊಟದ ನಂತರ ಯುರೋಪ್. ಬ್ಯಾಂಡ್ ಓಪನ್ ಆಗಿದೆ ಎಂದು ಗೆಳೆಯರಿಂದ ಮೆಸೇಜ್ ಬಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಫ್‌ಟಿ8 ಎಂಬ ಕಂಪ್ಯೂಟರ್ ವಿಧಾನವೂ 2017ರಿಂದ ಇದೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಜೋ ಟೇಲರ್ ಅವರು ಸ್ಟೀವ್ ಫ್ರಾಂಕೆ ಜೊತೆ ಸೇರಿ ರೂಪಿಸಿದ್ದು. ಕಿವಿಗೆ ಏನೂ ಕೇಳಿಸದಷ್ಟು ದುರ್ಬಲ ಸಂಕೇತವನ್ನೂ ಅದು ಓದುತ್ತದೆ. ಅದ್ಭುತ ಜಾಣ್ಮೆ. ಆದರೂ ನನಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಹೆಚ್ಚು ಇಷ್ಟ. ಕೀ ಒತ್ತುವ ಲಯದಿಂದಲೇ ಆ ಕಡೆ ಇರುವವರು ಯಾರೆಂದು ಗುರುತು ಸಿಗುತ್ತದೆ.

ಸಂಜೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಮೇಲೆ ಹಾದರೆ ಪುಟ್ಟ ಹ್ಯಾಂಡ್‌ಸೆಟ್ ಹಿಡಿದು ಮಾಳಿಗೆ ಹತ್ತುತ್ತೇನೆ. ನಿಲ್ದಾಣದ ಹ್ಯಾಮ್ ಪ್ರಸಾರ 145.800 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗ, ಹಾಗಾಗಿ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ನಮ್ಮ ಕಡೆಗೆ ಬರುವಾಗ ಆವರ್ತನ ಮೂರು ಕಿಲೋಹರ್ಟ್ಸ್‌ಗಿಂತ ತುಸು ಹೆಚ್ಚು ಏರಿರುತ್ತದೆ, ದೂರ ಹೋಗುವಾಗ ಅಷ್ಟೇ ಇಳಿಯುತ್ತದೆ. ಡಾಪ್ಲರ್ ಪರಿಣಾಮವನ್ನು ಪುಸ್ತಕದಲ್ಲಿ ಓದಿದ ಹುಡುಗರಿಗೆ ಒಮ್ಮೆ ನಾಬ್ ತಿರುಗಿಸಲು ಕೊಡಿ, ಮುಖ ನೋಡಿ.

ಹವ್ಯಾಸ ಅಂತ ಇದನ್ನು ಹಗುರವಾಗಿ ನೋಡುವವರಿಗೆ 2004ರ ಡಿಸೆಂಬರ್ 26ರ ಸುನಾಮಿಯನ್ನು ನೆನಪಿಸುತ್ತೇನೆ. ಹ್ಯಾಮ್ ಪ್ರಸಾರಕ್ಕೆಂದೇ ಭಾರತಿ ಪ್ರಸಾದ್ ಆಗ ತಂಡದೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನ್‌ಗಳು ಸತ್ತಾಗ ಅವರ ರೇಡಿಯೋ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ದಿನಾ ಬೆಳಿಗ್ಗೆ ಮಳೆ, ಆಂಟೆನಾ ಅಂತ ಮಾತಾಡಿ ಪಳಗಿದವರಿಗೆ ಮಾತ್ರ ಅಂಥ ದಿನ ಕೈ ನಡುಗದೆ ಸಂದೇಶ ಬರೆದುಕೊಳ್ಳಲು ಆಗುವುದು.

12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಹ್ಯಾಮ್ ಪರೀಕ್ಷೆ ಬರೆಯಬಹುದು. ಹೈಸ್ಕೂಲಿನ ವಿದ್ಯುತ್ ಪಾಠ ಅರ್ಥವಾಗಿದ್ದರೆ ಒಳ್ಳೆಯ ಅಡಿಪಾಯವೇ ಸಿಕ್ಕಿದಂತೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಶಾಲೆಗಳಲ್ಲಿ ಒಂದೊಂದು ನಿಲಯ ಇರಬೇಕು ಎಂಬುದು ನನ್ನ ಆಸೆ. ಇದಕ್ಕೆ ತಡ ಮಾಡಬಾರದು. ಚಕ್ರ ಇನ್ನು ಇಳಿಯುವ ದಾರಿಯಲ್ಲಿದೆ. ಮುಂದಿನ ಗರಿಷ್ಠ ಬರುವುದು 2030ರ ದಶಕದ ನಡುವಿಗೆ. ಇಂದು ಏಳನೇ ತರಗತಿಯಲ್ಲಿರುವವರಿಗೆ ಅಷ್ಟರಲ್ಲಿ ಇಪ್ಪತ್ತು ದಾಟಿರುತ್ತದೆ. 28 ಮೆಗಾಹರ್ಟ್ಸ್‌ಗೆ ಬೇಕಾದದ್ದು ಐದು ಮೀಟರ್ ತಂತಿ. ಶಾಲೆಯ ಅಂಗಳದಲ್ಲಿ ಎರಡು ಮರಗಳಿದ್ದರೆ ಈ ವರ್ಷವೇ ಕಟ್ಟಬಹುದು.