ಮೂರು ವಾರವಾಯಿತು, ಮರಿಹಾವು ಏನೂ ತಿಂದಿಲ್ಲ. ಬಾಯಿ ಬಿಡಿಸಿ ತಿನ್ನಿಸಬೇಕೇ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಹತ್ತು ವರ್ಷದ ಮಗನ ಹಠಕ್ಕೆ ಸೋತು ಅಂಗಡಿಯಿಂದ ಒಂದು ಬಾಲ್ ಪೈಥಾನ್ ಮರಿ ತಂದೆವು. ತಂದ ದಿನ 78 ಗ್ರಾಂ ಇತ್ತು. ಮೂರು ವಾರದಲ್ಲಿ ಒಂದು ಸಲವೂ ತಿಂದಿಲ್ಲ, ಈಗ 75 ಗ್ರಾಂ ಇದೆ. ಫ್ರೋಜನ್ ಸುಂಡಿಲಿ ಮರಿಯನ್ನು ಕರಗಿಸಿ ದಿನಾ ಮುಂದೆ ಹಿಡಿಯುತ್ತೇವೆ. ಅದು ಉಂಡೆ ಸುತ್ತಿಕೊಂಡು ತಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಊರಿಂದ ಬಂದಿರುವ ಅತ್ತೆ ಹಾಲಿಟ್ಟು ನೋಡಿ ಅನ್ನುತ್ತಾರೆ. ಅಂಗಡಿಯವನು ಬಾಯಿ ಬಿಡಿಸಿ ತುರುಕಿ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. 78 ಗ್ರಾಂ ಇದ್ದ ಮರಿ 75ಕ್ಕೆ ಇಳಿದರೆ ಗಾಬರಿಪಡುವಂಥದ್ದೇನೂ ಇಲ್ಲ. ಒಂದು ಸಲ ಹಿಕ್ಕೆ ಹಾಕಿದರೂ ಅಷ್ಟು ಕಮ್ಮಿಯಾಗಬಹುದು. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ತೂಕವಲ್ಲ, ‘ದಿನಾ’ ಎಂಬ ಮಾತು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲಗದ್ದೆಗಳಲ್ಲಿ ಇಲಿಬಿಲ, ಗೆದ್ದಲ ಹುತ್ತಗಳೊಳಗೆ ಹಗಲೆಲ್ಲ ಮಲಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಹೆದರಿದರೆ ಕಚ್ಚುವುದಕ್ಕಿಂತ ಮೈಯನ್ನು ಚೆಂಡಿನಂತೆ ಸುತ್ತಿ ತಲೆಯನ್ನು ನಡುವೆ ಅಡಗಿಸಿಕೊಳ್ಳುವುದೇ ಹೆಚ್ಚು. ಹೆಸರು ಬಂದದ್ದೇ ಅದರಿಂದ. ಅಂದರೆ ನೀವು ದಿನಾ ನೋಡುತ್ತಿರುವುದು ಹಸಿವಿಲ್ಲದ ಹಾವನ್ನಲ್ಲ, ಹೆದರಿದ ಹಾವನ್ನು. ಹೆದರಿದ ಹಾವಿನ ಮುಂದೆ ಇಕ್ಕಳದ ತುದಿಯಲ್ಲಿ ಏನನ್ನು ಆಡಿಸಿದರೂ ಅದರ ಪಾಲಿಗೆ ಅದು ಊಟವಲ್ಲ, ಮೇಲೆ ಬೀಳಲು ಬಂದ ಇನ್ನೊಂದು ಪ್ರಾಣಿ. ದಿನಾ ಹೀಗೆ ಮಾಡಿದರೆ ಇಲಿಯ ವಾಸನೆ ಬಂದರೆ ಸಾಕು ಮುದುಡಿಕೊಳ್ಳಬೇಕು ಎಂದು ನಾವೇ ಕಲಿಸಿದಂತಾಗುತ್ತದೆ.

ಹಸಿವಿನ ಲೆಕ್ಕವೂ ನಮ್ಮದಕ್ಕಿಂತ ಬೇರೆ. ಹೆಬ್ಬಾವುಗಳು ತಿನ್ನದ ದಿನಗಳಲ್ಲಿ ಕರುಳನ್ನೇ ಕುಗ್ಗಿಸಿಕೊಂಡು ಕೂರುತ್ತವೆ. ಬರ್ಮೀಸ್ ಪೈಥಾನ್ ಮೇಲೆ ನಡೆದ ಅಧ್ಯಯನದಲ್ಲಿ ದೊಡ್ಡ ಊಟವಾದ ಎರಡೇ ದಿನದಲ್ಲಿ ಹೃದಯದ ಸ್ನಾಯು ಶೇ. 40ರಷ್ಟು ಬೆಳೆದದ್ದು ಕಂಡುಬಂದಿದೆ. ಕರುಳೂ ಹಾಗೆಯೇ ಹಿಗ್ಗುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಕುಗ್ಗುತ್ತದೆ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ತಿನ್ನದೆ ಇದ್ದು ಮತ್ತೆ ಏನೂ ಆಗದವರಂತೆ ತಿನ್ನಲು ಶುರುಮಾಡುವುದು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ. ಮರಿಗೆ ಅಷ್ಟು ದಾಸ್ತಾನು ಇರುವುದಿಲ್ಲ, ನಿಜ. ಆದರೆ ಮೂರು ವಾರ ತಡೆಯುವಷ್ಟು ಇದ್ದೇ ಇರುತ್ತದೆ.

ಹಾಗಾಗಿ ಮೊದಲ ಔಷಧ ಸುಮ್ಮನಿರುವುದು. ಒಂದು ವಾರ ಇಲಿಯನ್ನು ತೋರಿಸಬೇಡಿ, ಮಗನೂ ಅದನ್ನು ಕೈಗೆತ್ತಿಕೊಳ್ಳುವುದು ಬೇಡ. ನೀರು ಬದಲಿಸುವುದು, ಹೊಲಸು ತೆಗೆಯುವುದು, ಅಷ್ಟೇ. ಹತ್ತು ವರ್ಷದ ಹುಡುಗನಿಗೆ ಇದನ್ನು ಒಪ್ಪಿಸುವುದು ಹಾವಿಗೆ ಉಣ್ಣಿಸುವುದಕ್ಕಿಂತ ಕಷ್ಟವಿರಬಹುದು!

ಆ ವಾರದಲ್ಲಿ ಅದರ ಮನೆಯನ್ನು ಸರಿಮಾಡಿ. ಅಂಗಡಿಗಳು ಮರಿಯ ಜೊತೆ ದೊಡ್ಡ ಗಾಜಿನ ತೊಟ್ಟಿಯನ್ನೂ ಮಾರುತ್ತವೆ. ಮೇಲೆ ಜಾಲರಿ, ನಾಲ್ಕೂ ಕಡೆ ಬೆಳಕು, ನಡುವೆ ಒಂದು ಪ್ಲಾಸ್ಟಿಕ್ ಗಿಡ. ಬಿಲದಲ್ಲಿ ಹುಟ್ಟಬೇಕಾದ ಜೀವಕ್ಕೆ ಅದು ಬಟಾಬಯಲು. ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಅಡಗಲು ಎರಡು ಗೂಡು ಇರಲಿ, ಒಂದು ಬೆಚ್ಚಗಿನ ತುದಿಯಲ್ಲಿ, ಇನ್ನೊಂದು ತಂಪಿನ ತುದಿಯಲ್ಲಿ. ಒಂದೇ ಇದ್ದರೆ ಅದು ಬೆಚ್ಚಗಿರುವುದೋ ಅಡಗಿರುವುದೋ ಎಂದು ಆರಿಸಿಕೊಳ್ಳಬೇಕಾಗುತ್ತದೆ, ಆಗ ಅಡಗುವುದನ್ನೇ ಆರಿಸುತ್ತದೆ. ಗೂಡು ಎಷ್ಟು ಚಿಕ್ಕದಿರಬೇಕೆಂದರೆ, ಸುತ್ತಿಕೊಂಡ ಮರಿಯ ಮೈ ಗೋಡೆಗಳಿಗೆ ತಾಗಬೇಕು. ಇಷ್ಟಾದರೂ ತಿನ್ನದಿದ್ದರೆ ಸುಮಾರು ಆರು ಲೀಟರ್ ಹಿಡಿಯುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಗಾಳಿಯಾಡಲು ತೂತು ಕೊರೆದು, ಪೇಪರ್ ಟವಲ್ ಹಾಸಿ, ಚಿಕ್ಕ ನೀರಿನ ಬಟ್ಟಲಿಟ್ಟು ಕೆಲ ವಾರ ಅದರಲ್ಲೇ ಬಿಡಿ. ನೋಡಲು ಚೆಂದವಿಲ್ಲ. ತಳಿ ಬೆಳೆಸುವವರು ಮರಿಗಳನ್ನು ಹೀಗೇ ಇಡುತ್ತಾರೆ, ಅವು ತಿನ್ನುತ್ತವೆ.

ಬಿಸಿಯನ್ನು ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನೂ ನಂಬಬೇಡಿ. ಬೆಚ್ಚಗಿನ ಗೂಡಿನೊಳಗಿನ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ (ನಿಮ್ಮಲ್ಲಿಯ ಲೆಕ್ಕದಲ್ಲಿ 88–91 ಫ್ಯಾರನ್‌ಹೀಟ್), ತಂಪಿನ ಕಡೆ 25–27 ಇರಬೇಕು. ಹೀಟ್ ಮ್ಯಾಟ್ ಇರಲಿ, ಬಲ್ಬ್ ಇರಲಿ, ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಹಾಕಲೇಬೇಡಿ. ಹಾವಿಗೆ ಮೈಬಿಸಿ ಹೊರಗಿನಿಂದ ಬರಬೇಕು, ಅದಿಲ್ಲದೆ ನುಂಗಿದ್ದು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ತಣ್ಣಗಿರುವ ಮರಿ ತಿನ್ನಲು ಒಲ್ಲೆನೆಂದರೆ ಅದು ಜಾಣತನವೇ. ತೇವಾಂಶ ಶೇ. 60ರ ಆಸುಪಾಸು ಇರಲಿ. ಟೆಕ್ಸಾಸ್‌ನಲ್ಲಿ ಏಸಿ ಹಗಲೂ ರಾತ್ರಿ ಓಡುವ ಮನೆಯಲ್ಲಿ ಅದು ತಾನಾಗಿ ಇರುವುದಿಲ್ಲ. ಕಣ್ಣು ನೀಲಿಬಿಳುಪಾಗಿ ಮಂಜು ಕವಿದಂತಿದ್ದರೆ ಪೊರೆ ಬಿಡುವ ಹೊತ್ತು ಬಂತೆಂದು ಅರ್ಥ. ಆಗ ಬಹಳಷ್ಟು ಹಾವುಗಳು ತಿನ್ನುವುದಿಲ್ಲ, ಕೇಳಲೂ ಹೋಗಬೇಡಿ.

ಈಗ ಊಟದ ವಿಷಯ. ‘ಸುಂಡಿಲಿ ಮರಿ’ ಎಂದಿದ್ದೀರಿ. ರೋಮವೇ ಬಾರದ ಗುಲಾಬಿ ಬಣ್ಣದ ಪಿಂಕಿ ಆಗಿದ್ದರೆ ಅದು ಕಾರ್ನ್ ಸ್ನೇಕ್ ಎಂಬ ಇನ್ನೊಂದು ಸಾಕುಹಾವಿನ ಮರಿಯ ತುತ್ತು. ಬಾಲ್ ಪೈಥಾನ್ ಮರಿಗಳು ಎಷ್ಟೋ ಸಲ ಅದನ್ನು ಆಹಾರವೆಂದೇ ಗುರುತಿಸುವುದಿಲ್ಲ. ನಿಮ್ಮದಕ್ಕೆ ಅದರ ತೂಕದ ಶೇ. 10ರಿಂದ 15ರಷ್ಟು, ಎಂದರೆ 8ರಿಂದ 11 ಗ್ರಾಂ ತೂಗುವ, ಮೈತುಂಬ ರೋಮ ಬಂದು ಕಣ್ಣು ಬಿಟ್ಟಿರುವ ಹಾಪರ್ ಸುಂಡಿಲಿ ಬೇಕು. ಅದರ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ಹಿಂದಿನ ಮಾಲೀಕರು ಏನು ಹಾಕುತ್ತಿದ್ದರು ಎಂದು ಅಂಗಡಿಯವನನ್ನು ಕೇಳಿ. ಸುಂಡಿಲಿ ತಿಂದು ರೂಢಿಯಾದ ಮರಿ ದೊಡ್ಡಿಲಿಯ ಮರಿಯನ್ನು ಮೂಸದಿರಬಹುದು, ಜೀವಂತ ತಿಂದದ್ದು ಸತ್ತದ್ದನ್ನು ಮುಟ್ಟದಿರಬಹುದು.

ಅವನು ಉತ್ತರ ಕೊಡದೆ ತಡವರಿಸಿದರೆ ಇನ್ನೊಂದು ಸಾಧ್ಯತೆ ಇದೆ. ಅಮೆರಿಕದಲ್ಲಿ ಅಗ್ಗಕ್ಕೆ ಸಿಗುವ ಬಾಲ್ ಪೈಥಾನ್ ಮರಿಗಳಲ್ಲಿ ಕೆಲವು ಅಲ್ಲಿ ಹುಟ್ಟಿದವಲ್ಲ. ಘಾನಾ, ಟೋಗೊ, ಬೆನಿನ್‌ಗಳಲ್ಲಿ ಕಾಡಿನಿಂದ ಗಬ್ಬದ ಹಾವುಗಳನ್ನೋ ಮೊಟ್ಟೆಗಳನ್ನೋ ತಂದು, ಮರಿಮಾಡಿಸಿ, ಪೆಟ್ಟಿಗೆಗಳಲ್ಲಿ ವಿಮಾನ ಹತ್ತಿಸಿರುತ್ತಾರೆ. ಅಂಥ ಮರಿ ಹುಟ್ಟಿದಾಗಿನಿಂದ ಒಂದು ತುತ್ತನ್ನೂ ತಿಂದಿರದೆ ಇರಬಹುದು. ಮೊಟ್ಟೆಯಿಂದ ಬಂದ ಮೇಲೆ ಮೊದಲ ಪೊರೆ ಬಿಡುವ ತನಕ, ಸುಮಾರು ಒಂದು ವಾರ ಹತ್ತು ದಿನ, ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿ ಲೋಳೆಯೇ ಅದರ ಊಟ. ಆಮೇಲೂ ಯಾರೂ ಶುರುಮಾಡಿಸದಿದ್ದರೆ ಆ ಕೆಲಸ ಕೊಂಡವರ ತಲೆಗೆ ಬರುತ್ತದೆ. ಮೈಮೇಲೆ ಉಣ್ಣೆ, ನುಸಿ (ಮೈಟ್) ಇವೆಯೇ ಎಂದೂ ನೋಡಿ. ಮೂರು ನಾಲ್ಕು ಸಲ ತಿಂದದ್ದಕ್ಕೆ ಬರಹದ ಲೆಕ್ಕ ತೋರಿಸದವರಿಂದ ಮರಿ ಕೊಳ್ಳಬಾರದು ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ನಿಮಗೆ ಇದನ್ನು ಈಗ ಹೇಳಿ ಪ್ರಯೋಜನವಿಲ್ಲ, ಓದುತ್ತಿರುವ ಬೇರೆಯವರಿಗಿರಲಿ.

ವಾರ ಕಳೆದ ಮೇಲೆ ಹೀಗೆ ಮಾಡಿ. ಇಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ. ಮಾರನೆಯ ಸಂಜೆ ಜಿಪ್ ಚೀಲದಲ್ಲಿ ಹಾಕಿ ನಲ್ಲಿಯ ಬಿಸಿನೀರಿನಲ್ಲಿ ಮುಳುಗಿಸಿ. ಒಳಗಿನವರೆಗೆ ಕರಗಿ, ಮೈ 38 ಡಿಗ್ರಿಯ ಹತ್ತಿರ ಬರಲಿ, ತಲೆ ಇನ್ನೊಂದಿಷ್ಟು ಬಿಸಿಯಿರಲಿ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಈ ಬಿಸಿಯೇ ಗುಟ್ಟು. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಕುಳಿಗಳಿವೆ, ಅವುಗಳಿಂದ ಅದು ಕತ್ತಲಲ್ಲೂ ಬೇಟೆಯ ಮೈಬಿಸಿಯನ್ನು ‘ಕಾಣುತ್ತದೆ’. ಕೋಣೆಯಷ್ಟೇ ತಣ್ಣಗಿರುವ ಇಲಿ ಅದರ ಪಾಲಿಗೆ ಇಲ್ಲದ ಇಲಿ. ಒದ್ದೆ ಒರೆಸಿ, ದೀಪ ಆರಿಸಿ, ಉದ್ದನೆಯ ಇಕ್ಕಳದಲ್ಲಿ ಬೆನ್ನು ಹಿಡಿದು ಗೂಡಿನ ಬಾಗಿಲ ಮುಂದೆ ಮೆಲ್ಲನೆ ಸರಿದಾಡಿಸಿ. ಮುಖಕ್ಕೆ ತಂದು ಕುಟ್ಟಬೇಡಿ. ನಾಲಗೆ ಬೇಗಬೇಗ ಆಡಿ, ಕತ್ತು ಎಸ್ ಆಕಾರಕ್ಕೆ ಮಡಚಿಕೊಂಡರೆ ನಿಲ್ಲಿಸಿ ಕಾಯಿರಿ. ಹಿಡಿಯಲಿಲ್ಲವೋ, ಗೂಡಿನ ಬಾಯಲ್ಲೇ ಇಟ್ಟು, ಮನೆಯವರೆಲ್ಲ ಹೋಗಿ ಮಲಗಿ. ನೋಡುವವರಿಲ್ಲದಾಗಲೇ ತಿನ್ನುವ ಮರಿಗಳು ಬಹಳ. ಬೆಳಗಾದರೂ ಬಿದ್ದಿದ್ದರೆ ಎಸೆಯಿರಿ, ಮತ್ತೆ ಫ್ರೀಜರಿಗೆ ಹಾಕಬೇಡಿ. ಮುಂದಿನ ಪ್ರಯತ್ನ ಐದರಿಂದ ಏಳು ದಿನ ಬಿಟ್ಟು.

ಎರಡು ಮೂರು ಸಲ ಹೀಗೂ ಆಗದಿದ್ದರೆ ಸಾಕುವವರ ಬತ್ತಳಿಕೆಯಲ್ಲಿ ಬೇರೆ ಉಪಾಯಗಳಿವೆ. ಕರಗಿದ ಇಲಿಯನ್ನು ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿ ಸಾಕಿದ ಪೆಟ್ಟಿಗೆಯ ಹೊಟ್ಟಿನಲ್ಲಿ ಹೊರಳಿಸಿ ಕೊಡುತ್ತಾರೆ. ಕೋಳಿಮರಿಯ ಗರಿಯನ್ನು ಉಜ್ಜುತ್ತಾರೆ. ಇದಕ್ಕೆ ಆಧಾರವಿದೆ: ನೈಜೀರಿಯಾದಲ್ಲಿ ನಡೆದ ಅಧ್ಯಯನದಲ್ಲಿ ಚಿಕ್ಕ ಬಾಲ್ ಪೈಥಾನ್‌ಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಹೆಚ್ಚಾಗಿ ಹಕ್ಕಿಗಳು, ದೊಡ್ಡವುಗಳಲ್ಲಿ ಇಲಿಗಳು. ಆಫ್ರಿಕನ್ ಸಾಫ್ಟ್ ಫರ್ ಎಂಬ ಇಲಿ ಅವುಗಳ ತವರಿನ ಬೇಟೆ. ಅಮೆರಿಕದಲ್ಲಿ ಅದನ್ನು ಸಾಕಿ ಮಾರುವವರಿದ್ದಾರೆ, ಹಟಮಾರಿ ಮರಿಗಳು ಅದಕ್ಕೆ ಸೋಲುತ್ತವೆ. ಇಲಿಯ ತಲೆಯನ್ನು ಚುಚ್ಚಿ ಒಳಗಿನ ವಾಸನೆ ಬರುವಂತೆ ಮಾಡುವುದೂ ಇದೆ. ಸಸ್ಯಾಹಾರಿ ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ ಎಂಬುದನ್ನು ನೀವೇ ಗೊತ್ತುಮಾಡಿಕೊಳ್ಳಿ. ಜೀವಂತ ಇಲಿ ಕೊಡುವುದು ನನಗೆ ಇಷ್ಟವಿಲ್ಲ, ಇಲಿಗೂ ಹಿಂಸೆ, ಹಾವಿಗೂ ಅಪಾಯ. ಆದರೂ ಒಮ್ಮೆಯೂ ತಿಂದೇ ಇರದ ಮರಿಗೆ ಮೊದಲೆರಡು ಊಟ ಹಾಗೆ ಕೊಡಬೇಕಾದ ಸಂದರ್ಭ ಬರುತ್ತದೆ. ಆಗ ಆಗಷ್ಟೇ ಕಣ್ಣು ಬಿಟ್ಟ ಹಾಪರ್ ಮಾತ್ರ, ನೀವು ಎದುರಿಗಿದ್ದು, ಹದಿನೈದು ನಿಮಿಷ ಮಾತ್ರ. ಬೆಳೆದ ಇಲಿಯನ್ನು ರಾತ್ರಿಯಿಡೀ ಬಿಟ್ಟರೆ ಹಾವಿನ ಬೆನ್ನನ್ನೇ ಕಡಿದು ತಿಂದಿರುತ್ತದೆ.

ಕಾರ್ನ್ ಸ್ನೇಕ್ ಸಾಕಿದವರು ಈ ತಾಳ್ಮೆಯನ್ನು ಹಾಗೇ ಎರವಲು ತರಬಾರದು. ಅದರ ಮರಿ ಐದಾರು ಗ್ರಾಂ ಇರುತ್ತದಷ್ಟೇ, ಕಾಯುವ ಶಕ್ತಿ ಕಡಿಮೆ. ಅಮೆರಿಕದ ಆಗ್ನೇಯ ರಾಜ್ಯಗಳ ಕಾಡಿನಲ್ಲಿ ಅವು ಮೊದಲು ತಿನ್ನುವುದು ಹಲ್ಲಿ, ಮರಗಪ್ಪೆಗಳನ್ನು. ಹಾಗಾಗಿ ಪಿಂಕಿಗೆ ಅನೋಲ್ ಹಲ್ಲಿಯ ವಾಸನೆ ಹಚ್ಚಿದರೆ ಎಷ್ಟೋ ಸಲ ಕೆಲಸವಾಗುತ್ತದೆ.

ಅತ್ತೆಯವರ ಹಾಲಿನ ಮಾತನ್ನು ನಗುತ್ತಲೇ ದಾಟಿಸಿ. ಪಂಚಮಿಗೆ ಹುತ್ತಕ್ಕೆ ಹಾಲೆರೆದ ಕೈಗೆ ಬೇರೇನು ತೋಚೀತು? ಹಾವು ಮಾಂಸಾಹಾರಿ, ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಹಾವಾಡಿಗರ ಹಾವು ಹಾಲು ಕುಡಿಯುವಂತೆ ಕಾಣುವುದು ದಿನಗಟ್ಟಲೆ ನೀರು ಕಾಣದ ದಾಹಕ್ಕೆ. ಅತ್ತೆಗೆ ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯದಲ್ಲಿ ನೀವು ಮಾತು ಕೊಡಬೇಕು: ಇಲಿಗಳಿಗೆ ಬೇರೆ ಪುಟ್ಟ ಫ್ರೀಜರ್, ಬೇರೆ ಪಾತ್ರೆ, ಅಡುಗೆಮನೆಯ ಸಿಂಕ್ ಬಿಟ್ಟು ಬೇರೆ ಕಡೆ ಕರಗಿಸುವುದು. ಮಡಿಯ ಮಾತು ಹಾಗಿರಲಿ, ಫ್ರೋಜನ್ ಇಲಿಗಳಿಂದ ಮನೆಮಂದಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಹರಡಿದ್ದು ಅಮೆರಿಕದಲ್ಲಿ ದಾಖಲಾಗಿದೆ. ಮಗ ಹಾವನ್ನು ಮುಟ್ಟಿದ ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಲಿ.

ಬೆಂಗಳೂರಿನಿಂದ ಓದುತ್ತಿರುವವರಿಗೆ ಒಂದು ಮಾತು. ಇಲ್ಲಿ ಕೇರೆ, ನಾಗರ, ಹೆಬ್ಬಾವುಗಳ ಮರಿ ಸಿಕ್ಕಿತೆಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದರೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಇನ್ನು, ಎಲ್ಲಿಯವರೆಗೆ ಕಾಯುವುದು? ಕ್ಯಾಲೆಂಡರ್ ನೋಡಬೇಡಿ, ತಕ್ಕಡಿ ನೋಡಿ. ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. 78 ಗ್ರಾಂನ ಮರಿ 70ಕ್ಕೆ ಇಳಿದರೆ, ಎಂದರೆ ಹತ್ತನೇ ಒಂದು ಭಾಗ ಕಳೆದುಕೊಂಡರೆ, ಸರೀಸೃಪ ನೋಡುವ ಪಶುವೈದ್ಯರ ಬಳಿ ಹೋಗಿ. ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ, ಬಾಯಲ್ಲಿ ನೊರೆ ಅಥವಾ ಕೀವು ಕಂಡರೆ, ಉಸಿರಾಡುವಾಗ ಸದ್ದು ಬಂದರೆ, ಕಾರಣವಿಲ್ಲದೆ ತಲೆ ಮೇಲಕ್ಕೆತ್ತಿ ಆಕಾಶ ನೋಡುತ್ತಿದ್ದರೆ ತೂಕಕ್ಕೂ ಕಾಯಬೇಡಿ. ಸ್ಪೈಡರ್ ಎಂಬ ಬಣ್ಣದ ತಳಿಯಾಗಿದ್ದರೆ ತಲೆ ಅಲುಗಾಡುವುದು ಹುಟ್ಟಿನಿಂದಲೇ ಇರುವ ನರದೋಷ, ಅವು ಹಿಡಿಯಲು ಹೋಗಿ ಗುರಿ ತಪ್ಪುತ್ತವೆ. ಹಿಕ್ಕೆ ಹಾಕಿದ್ದರೆ ಹಸಿಯಾಗಿಯೇ ಒಂದು ಡಬ್ಬಿಯಲ್ಲಿ ಒಯ್ಯಿರಿ, ಹೊಟ್ಟೆಹುಳ ಇದ್ದರೆ ಅದರಲ್ಲೇ ಗೊತ್ತಾಗುತ್ತದೆ. ಬಾಯಿ ಬಿಡಿಸಿ ತಿನ್ನಿಸಲೇಬೇಕಾದರೆ ಅವರು ಮಾಡಲಿ, ಇಲ್ಲವೇ ಅವರೆದುರಿಗೆ ಕಲಿತು ನೀವು ಮಾಡಿ. ಆ ವಯಸ್ಸಿನ ಮರಿಯ ದವಡೆ, ಗಂಟಲು ಎಷ್ಟು ನಾಜೂಕೆಂದರೆ ವಿಡಿಯೋ ನೋಡಿ ಕಲಿಯುವ ಕೆಲಸ ಅದಲ್ಲ.

ತಿಂದ ದಿನ ಸಂಭ್ರಮಕ್ಕೆ ಎತ್ತಿಕೊಳ್ಳಲು ಬಿಡಬೇಡಿ. 48 ಗಂಟೆ ಯಾರೂ ಮುಟ್ಟಕೂಡದು, ಕದಲಿಸಿದರೆ ಕಕ್ಕಿಬಿಡಬಹುದು. ಕಕ್ಕಿದರೆ ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಅರ್ಧ ಗಾತ್ರದ್ದರಿಂದ ಮತ್ತೆ ಶುರು. ಅರಗಿಸಿಕೊಂಡಿತೋ, ವಾರ ಬಿಟ್ಟು ಅದೇ ಗಾತ್ರದ ಅದೇ ಇಲಿಯನ್ನು, ಅದೇ ಹೊತ್ತಿಗೆ, ಅದೇ ಕತ್ತಲಲ್ಲಿ ಕೊಡಿ. ಸಾಲಾಗಿ ಮೂರು ನಾಲ್ಕು ಊಟ ತಿನ್ನುವ ತನಕ ಇಲಿಯನ್ನಾಗಲಿ ಡಬ್ಬವನ್ನಾಗಲಿ ಬದಲಿಸಲು ಹೋಗಬೇಡಿ. ಮಗ ಕೈಗೆತ್ತಿಕೊಳ್ಳುವುದು ಅದಾದ ಮೇಲೆ, ಮೊದಮೊದಲು ಐದು ನಿಮಿಷ ಸಾಕು.