ಗುಡ್ಡೆ ದಾಸವಾಳ ದಾಸವಾಳವಲ್ಲ: ಕಾಡುಹೂವಿನ ಹೆಸರು ಪರೀಕ್ಷಿಸುವ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಗುಡ್ಡೆ ದಾಸವಾಳ ಎಂದರೆ ಮಕ್ಕಳಿಗೂ ಗೊತ್ತು. ಕೆಂಪು ಗೊಂಚಲು, ಬುಡ ಚೀಪಿದರೆ ಸಿಹಿ. ಆದರೆ ಹೆಸರು ನಂಬಿ ದಾಸವಾಳದ ಕುಟುಂಬದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ.

ಹೂವನ್ನೇ ಕೇಳಬೇಕು. ದಾಸವಾಳಕ್ಕೆ ಐದು ಎಸಳು, ನಡುವೆ ಕೇಸರ ಹೊತ್ತ ಉದ್ದ ಕೋಲು. ಇದಕ್ಕೆ ನಾಲ್ಕೇ ಎಸಳು, ಕೆಳಗೆ ಸಪೂರ ನಳಿಗೆ. ಎಲೆಗಳು ಎದುರುಬದುರು. ಎರಡು ತೊಟ್ಟುಗಳ ನಡುವೆ, ಕಾಂಡದ ಮೇಲೆ, ಚೂಪಾದ ಪುಟ್ಟ ಪೊರೆ ಕಾಣುತ್ತದೆ. ತೋಟದ ಕಾಫಿ ಗಿಡ ನೋಡಿ, ಅಲ್ಲೂ ಅಂಥದ್ದೇ ಪೊರೆ! ಹೌದು, ಇದು ಕಾಫಿಯ ಬಳಗ. ಕರಾವಳಿಯವರಿಗೆ ಕೇಪಳ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ವೈಜ್ಞಾನಿಕ ಹೆಸರು ಇಕ್ಸೋರಾ ಕಾಕ್ಸೀನಿಯ.

ಹಾಗಂತ ಊರಿನ ಹೆಸರು ತಪ್ಪಲ್ಲ. ಅದನ್ನು ತಿದ್ದುವುದು ನಮ್ಮ ಕೆಲಸವೂ ಅಲ್ಲ. ಯಾವ ಊರಲ್ಲಿ ಯಾವ ಗಿಡಕ್ಕೆ ಆ ಹೆಸರು ಎಂದು ಬರೆದಿಟ್ಟರೆ ಆಯಿತು.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತದೆ: ಹೆಸರು ಒಂದು, ಗಿಡ ಎರಡು. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಅರಳುವ ಅಗ್ನಿಶಿಖೆ ಗೌರಿ ಹೂ. ಕೆಲವು ಮನೆಗಳಲ್ಲಿ ಕರ್ಣಕುಂಡಲವೂ ಗೌರಿ ಹೂವೇ. ಅಗ್ನಿಶಿಖೆಯ ಎಸಳು ಸುಕ್ಕುಸುಕ್ಕು, ಹಳದಿ ಕೆಂಪು, ಮೇಲಕ್ಕೆ ಮಡಚಿರುತ್ತದೆ. ಎಲೆಯ ತುದಿಯೇ ಬಳ್ಳಿಯಂತೆ ಸುರುಳಿ ಸುತ್ತಿ ಬೇಲಿ ಹಿಡಿಯುತ್ತದೆ. ಕರ್ಣಕುಂಡಲದ ಹೂವಿನ ಹಿಂದೆ ಸಣ್ಣ ಬಾಲವಿದೆ, ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಇಲ್ಲಿ ಎಡವಿದರೆ ಜೀವಕ್ಕೇ ಅಪಾಯ. ಅಗ್ನಿಶಿಖೆಯ ಮೈಯೆಲ್ಲ ಕಾಲ್ಚಿಸಿನ್ ಎಂಬ ವಿಷ. ಅದರ ಗೆಡ್ಡೆಯನ್ನು ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ.

ಕೇಳುವ ರೀತಿಯೂ ಮುಖ್ಯ. "ಇದು ಗೌರಿ ಹೂ ಅಲ್ವಾ?" ಎಂದರೆ ಎದುರಿನವರು ಸುಮ್ನೆ ಹೌದು ಅಂದುಬಿಡುತ್ತಾರೆ. "ನಿಮ್ಮಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿ. ಫೋಟೋ ಸಾಲದು, ಗಿಡದ ಹತ್ತಿರವೇ ಕರೆದುಕೊಂಡು ಹೋಗಿ. ಇನ್ನೊಂದು ಮನೆಯಲ್ಲಿ ಬೇರೆಯಾಗಿ ಕೇಳಿ. ಊರು, ತಿಂಗಳು ಬರೆದುಕೊಳ್ಳಿ.

ಈಗ ನಾನು ಹಿಂದೆ ಬಿದ್ದಿರುವುದು ಸೀತಾಳೆ ದಂಡೆಗೆ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವಿಗೆ. ನರಿ ಬಾಲದಂತೆ ಒತ್ತಾಗಿ ಇಳಿಬಿದ್ದರೆ ಅದು ರಿಂಕೋಸ್ಟೈಲಿಸ್. ಹೂಗಳು ಬಿಡಿಬಿಡಿಯಾಗಿ, ತುಟಿ (ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಎಸಳು) ಮೂರು ಪಾಲಾಗಿದ್ದರೆ ಏರಿಡಿಸ್ ಇರಬಹುದು. ಜನರ ಬಾಯಲ್ಲಿ ಎರಡೂ ಸೀತಾಳೆಯೇ. ನೋಡಲೆಂದು ಮರದಿಂದ ಕೀಳಬೇಡಿ. ಮುಂಗಾರಿನ ಮೊದಲ ಗಾಳಿಗೆ ಮುರಿದು ಬಿದ್ದ ಕೊಂಬೆಗಳಲ್ಲೇ ಹುಡುಕಿ.