ಸೆಸ್ ಕಟ್ಟಿದರೆ ಕಟ್ಟಡ ಮ್ಹಾಡಾದ್ದಾಗುತ್ತದೆಯೇ?

ಪ್ರಶ್ನೆ: ಮುಂಬಯಿಯ ಮಾಟುಂಗಾದಲ್ಲಿ ನಮ್ಮದು ಹಳೆಯ ಪಗಡಿ ಮನೆ (ಮೊದಲೇ ಇಡಿಗಂಟು ಕೊಟ್ಟು, ಕಡಿಮೆ ಬಾಡಿಗೆಗೆ ಹಿಡಿದದ್ದು). ಅಪ್ಪನ ಕಾಲದಿಂದ ಸೆಸ್ ಕಟ್ಟುತ್ತಿದ್ದೇವೆ, ರಿಪೇರಿ ಮಾಡಿಸಿದ್ದೂ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ. ಅಂದ ಮೇಲೆ ಕಟ್ಟಡ ಸರಕಾರದ್ದೇ ಆಯಿತಲ್ಲ?

ಉತ್ತರ: ಆಗಲಿಲ್ಲ. ಮೊನ್ನೆ ಮದುವೆಯ ಪಂಕ್ತಿಯಲ್ಲೂ ಇದನ್ನೇ ಹೇಳುತ್ತ ಕೂತು ಎಲೆಯ ಮೇಲಿನ ಸಾರು ಆರಿಹೋಯಿತು.

1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬರುವ ಬಾಡಿಗೆ ಸುಣ್ಣಕ್ಕೂ ಸಾಲದಾದಾಗ ಮಾಲೀಕರು ಕೈಬಿಟ್ಟರು, ಕಟ್ಟಡಗಳು ಕುಸಿಯತೊಡಗಿದವು. ಅದಕ್ಕೇ 1969ರಲ್ಲಿ ರಿಪೇರಿ ಮಂಡಳಿಯೂ (ಈಗ ಅದು ಮ್ಹಾಡಾದ ಭಾಗ) ಸೆಸ್ಸೂ ಬಂದವು. ಸೆಸ್ ಎಂದರೆ ರಿಪೇರಿಗಾಗಿ ಎತ್ತುವ ತೆರಿಗೆ, ಮನೆಯ ಕಂತಲ್ಲ. ಪಾಲಿಕೆ ನಿಮ್ಮ ರಸ್ತೆಗೆ ಡಾಂಬರು ಹಾಕಿದರೆ ನಿಮ್ಮ ಅಂಗಳ ಪಾಲಿಕೆಯದಾಗುತ್ತದೆಯೇ? ಮ್ಹಾಡಾ ತೊಲೆ ಬದಲಿಸಿ ಹೋದರೂ ಜಾಗದ ಸರಕಾರಿ ದಾಖಲೆಯಾದ ಪ್ರಾಪರ್ಟಿ ಕಾರ್ಡಿನಲ್ಲಿ ಇರುವುದು ಮಾಲೀಕರ ಹೆಸರೇ. ನಂಬಿಕೆ ಬಾರದಿದ್ದರೆ ಅದರ ನಕಲು ತೆಗೆಸಿ ನೋಡಿ. ‘ನಮ್ಮ ಚಾಳಿನ ಸೆಕ್ರೆಟರಿ ಹೇಳಿದರು’ ಎನ್ನಬೇಡಿ, ಅವರಿಗೂ ನಾನು ಎರಡು ಸಲ ಹೇಳಿದ್ದೇನೆ.

ಒಡೆತನ ಕೈಬದಲಾಗುವ ದಾರಿ ಬೇರೆ ಇದೆ. ಮ್ಹಾಡಾ ಕಾಯ್ದೆಗೆ 1986ರಲ್ಲಿ ಸೇರಿದ 8–ಎ ಅಧ್ಯಾಯದಲ್ಲಿ ಶೇ. 70ರಷ್ಟು ನಿವಾಸಿಗಳು ಸೊಸೈಟಿ ಕಟ್ಟಿ ಕಟ್ಟಡದ ಸ್ವಾಧೀನಕ್ಕೆ ಅರ್ಜಿ ಹಾಕಬಹುದು. ಸ್ವಾಧೀನವಾದರೆ ಮಾಲೀಕರಿಗೆ ತಿಂಗಳ ಬಾಡಿಗೆಯ ನೂರು ಪಟ್ಟು. ಮೂವತ್ತು ಖೋಲಿ, ತಲಾ 80 ರೂಪಾಯಿ ಎಂದರೆ ಇಡೀ ಕಟ್ಟಡಕ್ಕೆ 2,40,000! ಮಾಲೀಕರು 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಲ್ಲಿ ಆಶ್ಚರ್ಯವೇನು? ಅದೇ ಪ್ರಕರಣದಲ್ಲಿ, ಖಾಸಗಿ ಆಸ್ತಿಯೆಲ್ಲ ಸಮುದಾಯದ ಸಂಪತ್ತಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದ್ದು 2024ರ ನವೆಂಬರ್ 5ರಂದು. ಪೀಠದ ಮುಂದಿದ್ದದ್ದು ಸಂವಿಧಾನದ ಪ್ರಶ್ನೆ, 8–ಎ ಅಲ್ಲಿಗೆ ರದ್ದಾಗಲಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಅರ್ಧ ಮಾಟುಂಗಾದ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. 1999ರ ಬಾಡಿಗೆ ಕಾಯ್ದೆಯಂತೆ ಬಾಡಿಗೆದಾರ ತೀರಿಕೊಂಡಾಗ ಅವರ ಜೊತೆ ಅದೇ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೇ ಮೊದಲ ಹಕ್ಕು, ಅಂಥವರಿಲ್ಲದಿದ್ದರೆ ಮಾತ್ರ ಉಳಿದ ವಾರಸುದಾರರಿಗೆ. ಗಣಪತಿ ಹಬ್ಬಕ್ಕೆ ಬಂದುಹೋಗುವುದು ವಾಸವಲ್ಲ. ಬಾಡಿಗೆ ರಸೀದಿ ಇನ್ನೂ ಅಜ್ಜನ ಹೆಸರಿನಲ್ಲೇ ಬರುತ್ತಿದ್ದರೆ, 8–ಎ ವಿಷಯ ಬದಿಗಿಟ್ಟು ಮೊದಲು ಅದನ್ನು ಸರಿಮಾಡಿಸಿ. ಹಳೆಯ ರಸೀದಿಗಳನ್ನು ರದ್ದಿಯವನಿಗೆ ಹಾಕಬೇಡಿ.